ಮಂಗಲವಾಗದ ಪುರಾಣ

ಮೂರು ವರ್ಷದ ಹಿಂದಿನ ಮಾತು. ಶ್ರಾವಣ ಹಿಡಿಯಲು ಇನ್ನೂ ಒಂದು ವಾರವಿತ್ತು. ಎಪ್ಪತ್ತು ತುಂಬಿದ ನಮ್ಮ ಅವ್ವನನ್ನು ಕರೆದುಕೊಂಡು ನಾನು ಒಂದು ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರಕ್ಕೆ ಹೋಗಿದ್ದೆ. ಓದಿದವರು, ಸಂಶೋಧನೆ ಮಾಡುವವರು ಹೋಗುವ ಜಾಗ ಅದು. ಹೆಬ್ಬೆಟ್ಟಿನ ಅವ್ವನಿಗೂ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ನನಗೂ ಅಲ್ಲೇನು ಕೆಲಸ ಅಂತ ನೀವು ಕೇಳಬಹುದು. ನನ್ನ ಗಂಡನೂ ಅದನ್ನೇ ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅವ್ವನ ತವರು ವನದುರ್ಗದ ಹತ್ತಿರದ ಒಂದು ಸಣ್ಣ ಹಳ್ಳಿ. ಕುರಿ ಸಾಕುವ ಮನೆತನ. ಅವ್ವನ ಅಪ್ಪ, ಅಂದರೆ ನಮ್ಮ ಮುತ್ಯಾ ಮಾಳಪ್ಪ, ಕುರಿ ಕಾಯುತ್ತಲೇ ಓದು ಕಲಿತವನು. ಮಠದ ಅಯ್ಯನವರಿಗೆ ದಿನಾ ಒಂದು ಚರಿಗೆ ಕುರಿ ಹಾಲು ಕೊಟ್ಟು, ಅದಕ್ಕೆ ಬದಲಾಗಿ ತಾಳೆಗರಿಯ ಹಳೇ ಅಕ್ಷರ ಕಲಿತನಂತೆ. ಮನೆಯಲ್ಲಿ ಒಂದು ತಾಳೆಗರಿ ಕಟ್ಟು ಇತ್ತು. ಅದು ಮನೆದೇವರು ಗುಡ್ಡದಯ್ಯನ ಪುರಾಣ. ಕುರಿ ಕಾಯುತ್ತಾ ಕಾಯುತ್ತಾ ದೇವರಾದವನ ಕಥೆ. ಶ್ರಾವಣದಲ್ಲಿ ಮುತ್ಯಾ ಗುಡಿಯ ಕಟ್ಟೆಯ ಮೇಲೆ ಕುಳಿತು ಪುರಾಣ ಹಚ್ಚಿದರೆ ಊರೆಲ್ಲ ಬಂದು ಕೂಡುತ್ತಿತ್ತು. ಅವ್ವ ಆಗ ಹನ್ನೆರಡರ ಹುಡುಗಿ. ಅಪ್ಪನ ತೊಡೆಗೆ ತೊಡೆ ಹಚ್ಚಿ ಕೂಡುವುದು ಅವಳೊಬ್ಬಳ ಹಕ್ಕು. ಅಣ್ಣನಿಗೂ ಆ ಜಾಗ ಸಿಗುತ್ತಿರಲಿಲ್ಲ ಅಂತ ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ.

ಹಚ್ಚಿದ ಪುರಾಣ ಮಂಗಲ ಆಗಲೇಬೇಕು. ನಮ್ಮ ಕಡೆ ಅದು ಕಟ್ಟುನಿಟ್ಟು. ಕೊನೆಯ ದಿನ ಕೊನೆಯ ನುಡಿ, ಅಂದರೆ ಕೊನೆಯ ಪದ್ಯ, ಓದಿ, ಗ್ರಂಥ ಕಟ್ಟಿ, ಆರತಿ ಬೆಳಗಿ, ಊರಿಗೆಲ್ಲ ಗೋಧಿ ಹುಗ್ಗಿ ಬಡಿಸಿದರೆ ಅದು ಮಂಗಲ. ಆ ವರ್ಷ ಶ್ರಾವಣದ ನಡುವೆ ಮುತ್ಯಾನಿಗೆ ಜ್ವರ ಬಂತು. ಮೂರನೇ ದಿನ ಹೋಗಿಬಿಟ್ಟ. ಪುರಾಣ ಅರ್ಧಕ್ಕೆ ನಿಂತಿತು. ಆ ಅಕ್ಷರ ಓದುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಏನೇ ಕೆಟ್ಟದಾದರೂ ಅದೇ ಮಾತು. ಕುರಿಗೆ ರೋಗ ಬಂದರೂ, ಅವ್ವನ ಅಣ್ಣ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡರೂ, 'ಪುರಾಣ ಅರ್ಧಕ್ಕ ನಿಂತದ, ಇನ್ನೇನಾಗ್ತದ' ಅನ್ನುವರು. ಅರ್ಧ ಓದಿದ ಗ್ರಂಥ ಮನೆಯಲ್ಲಿ ಇರಬಾರದೆಂದು ಹಿರಿಯರು ಅದನ್ನು ಗುಡಿಯ ಗೂಡಿನಲ್ಲಿಟ್ಟರು. ನಾಲ್ಕಾರು ವರ್ಷದ ಮೇಲೆ ಹಳೇ ಗ್ರಂಥ ಹುಡುಕುತ್ತಾ ಜೀಪಿನಲ್ಲಿ ವಿಶ್ವವಿದ್ಯಾಲಯದವರು ಬಂದಾಗ, ಸೋದರಮಾವ ಒಂದು ಹೆಬ್ಬೆಟ್ಟು ಒತ್ತಿ ಅವರ ಕೈಗೆ ಕೊಟ್ಟುಬಿಟ್ಟ. ಅವ್ವ ಅಷ್ಟರಲ್ಲಿ ಮದುವೆಯಾಗಿ ಶಹಾಪುರಕ್ಕೆ ಬಂದಿದ್ದಳು. ಅವಳನ್ನು ಒಂದು ಮಾತು ಕೇಳಲಿಲ್ಲ. ಹೆಣ್ಣುಮಗಳನ್ನು ಯಾರು ಕೇಳುತ್ತಾರೆ?

ನಾನು ಸಣ್ಣವಳಿದ್ದಾಗ ಶಹಾಪುರದ ನಮ್ಮ ಓಣಿಯ ಗುಡಿಯಲ್ಲೂ ಶ್ರಾವಣದಲ್ಲಿ ಪುರಾಣ ನಡೆಯುತ್ತಿತ್ತು. ಅವ್ವ ಒಂದು ದಿನ ತಪ್ಪಿಸುತ್ತಿರಲಿಲ್ಲ. ಮಂಗಲದ ದಿನ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಹುಗ್ಗಿ ಸಿಗುವ ದಿನವೇ ಅವ್ವ ಹೊರಗೆ ಬರುವುದಿಲ್ಲವಲ್ಲ ಅಂತ ನನಗೆ ಸಿಟ್ಟು. ಒಮ್ಮೆ ಕೈ ಹಿಡಿದು ಎಳೆದಾಡಿದೆ. 'ನಮ್ಮಪ್ಪಂದ ಮಂಗಲ ಆಗಿಲ್ಲ, ನಾ ಯಾರ ಮಂಗಲಕ್ಕ ಹೋಗಲಿ?' ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆವತ್ತು ನನಗೂ ಹುಗ್ಗಿ ಸೇರಲಿಲ್ಲ.

ಹೀಗಿರುವಾಗ ಮೂರು ವರ್ಷದ ಹಿಂದೆ ಆ ವಿಶ್ವವಿದ್ಯಾಲಯದವರು ತಮ್ಮಲ್ಲಿರುವ ಹಸ್ತಪ್ರತಿಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕಿದರು. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ ನನಗೆ ಅದು ಕಂಡಿತು. ಸುಮ್ಮನೆ ಕುತೂಹಲಕ್ಕೆ 'ಗುಡ್ಡದಯ್ಯ' ಅಂತ ಹೊಡೆದೆ. ಒಂದೇ ಸಾಲು ಬಂತು: ಗುಡ್ಡದಯ್ಯನ ಪುರಾಣ, ತಾಳೆಗರಿ, ಅವ್ವನ ಊರಿನ ಹೆಸರು. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ಮುಚ್ಚಿ ಅವರಿಗೆ ಫೋನು ಮಾಡಿದೆ. ಅರ್ಜಿ ಬರೆದು, ಗುರುತಿನ ಚೀಟಿಯ ಜೆರಾಕ್ಸ್ ತಂದರೆ ನೋಡಬಹುದು ಅಂದರು.

ಮನೆಗೆ ಬಂದು ಹೇಳಿದರೆ ಅವ್ವ ನಂಬಲೇ ಇಲ್ಲ.

'ನೀ ಏನರೆ ಹೇಳ್ತಿ. ಅಪ್ಪನ ಗ್ರಂಥ ಇನ್ನಾ ಅದ?'

'ಅದ ಅವ್ವ. ನಂಬರ್ ಹಾಕಿ ಇಟ್ಟಾರ.'

'ಅಲ್ಲಿ ಓದಾವರು ಅದಾರೇನು?'

'ಅದಾರಂತ.'

ಅವ್ವ ನನ್ನ ಹತ್ತಿರ ಸರಿದು ಕುಳಿತಳು. ಆಮೇಲೆ ಅಂದಳು, 'ಹಂಗಾರ ನಿಂತಲ್ಲಿಂದ ಕಡೀತನ ಓದಸಿಬಿಡು, ಶಾಂತಾ. ಒಮ್ಮೆ ಮಂಗಲ ಆಗಲಿ. ನಾ ಇನ್ನೇನೂ ಕೇಳಂಗಿಲ್ಲ.'

ಶಹಾಪುರದಿಂದ ಬೆಳಗಿನ ಬಸ್ಸು ಹಿಡಿದು ಯಾದಗಿರಿಗೆ ಬಂದು, ಅಲ್ಲಿಂದ ರೈಲು ಹತ್ತಿದೆವು. ಅವ್ವ ಒಂದು ಕೈಚೀಲ ತಂದಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇರಬೇಕು ಅಂದುಕೊಂಡೆ. ಭಂಡಾರದ ಬಾಗಿಲಲ್ಲಿ ಕಾವಲುಗಾರ ತೆಗೆದು ನೋಡಿದರೆ ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ, ಬೆಂಕಿಪೊಟ್ಟಣ! ಸಾವಿರಾರು ಒಣಗರಿ ಇಟ್ಟಿರುವ ಕಟ್ಟಡಕ್ಕೆ ಬೆಂಕಿಪೊಟ್ಟಣ. ಆ ಮನುಷ್ಯ ಒಂದು ಮಾರು ಹಿಂದೆ ಸರಿದ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

'ಆರತಿ ಇಲ್ಲದ ಎಂಥಾ ಮಂಗಲ?' ಅಂತ ಅವ್ವ ಅವನನ್ನೇ ಜೋರು ಮಾಡಿದಳು. ಕೊನೆಗೆ ಚೀಲ ಅವನ ಮೇಜಿನ ಕೆಳಗೆ ಇಟ್ಟು ಒಳಗೆ ಹೋದೆವು.

ಒಳಗೆ ತಣ್ಣನೆಯ ಕೋಣೆ, ಉದ್ದ ಮೇಜು, ಮಜ್ಜಿಗೆ ಹುಲ್ಲಿನ ಎಣ್ಣೆಯ ವಾಸನೆ. ಹುಳು ಹತ್ತದಿರಲೆಂದು ಗರಿಗಳಿಗೆ ಆ ಎಣ್ಣೆ ಸವರುತ್ತಾರಂತೆ. ಹಳೇ ಅಕ್ಷರ ಓದುವವರೆಂದರೆ ಬಿಳಿಗಡ್ಡದ ಮುದುಕರಿರಬೇಕು ಅಂತ ನಾವಿಬ್ಬರೂ ಎಣಿಸಿದ್ದೆವು. ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಹೆಸರು ಕಾವ್ಯ. ಹಾಸನದ ಕಡೆಯವಳು. ಕೈಯಲ್ಲಿ ಕೆಂಪು ಬಟ್ಟೆಯ ಒಂದು ಕಟ್ಟು.

ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. 'ನೀ ಓದ್ತಿ? ಜಳಕ ಮಾಡಿದಿಯೇನು? ಕಾಲಾಗಿನ ಚಪ್ಪಲಿ ತಗಿ ಮೊದಲ.'

ಕಾವ್ಯ ಹೆದರಿದಳು. ನನ್ನ ಕಡೆ ತಿರುಗಿ ಮೆಲ್ಲಗೆ, 'ಮೇಡಂ, ಅಮ್ಮ ಬೈತಿದ್ದಾರಾ?' ಅಂದಳು.

'ಇಲ್ಲಮ್ಮ, ಇದು ನಮ್ಮ ಕಡೆ ಪ್ರೀತಿಯ ಮಾತು. ಬೈದರೆ ನೀನು ಇಲ್ಲಿ ನಿಲ್ಲುತ್ತಿರಲಿಲ್ಲ' ಅಂದೆ. ಅವಳು ನಕ್ಕು ಚಪ್ಪಲಿ ಬಿಟ್ಟು ಬಂದಳು. ಅಲ್ಲಿಂದ ಇಬ್ಬರಿಗೂ ಜೋಡಿ ಹತ್ತಿತು.

ಕೆಂಪು ಬಟ್ಟೆ ಬಿಚ್ಚಿ, ಮೇಲಿನ ಮರದ ಹಲಗೆ ಎತ್ತಿದಾಗ ಅವ್ವ ಕೈ ಚಾಚಿದಳು. ಮುಟ್ಟಬಾರದೆಂದು ಹೇಳಲು ಕಾವ್ಯ ಬಾಯಿ ತೆರೆದವಳು ಕಟ್ಟನ್ನು ಅವಳ ಕಡೆ ಸರಿಸಿದಳು. ಅವ್ವ ಒಂದೇ ಬೆರಳಿನಿಂದ ಗರಿಯ ಅಂಚನ್ನು ಸವರಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಐವತ್ತೆಂಟು ವರ್ಷದ ಮೇಲೆ. ಅವಳು ಅಳುತ್ತಾಳೆ ಅಂದುಕೊಂಡರೆ ಅತ್ತವಳು ನಾನು.

'ಎಲ್ಲಿಂದ ಓದಲಿ ಅಮ್ಮ?' ಅಂತ ಕಾವ್ಯ ಕೇಳಿದಳು. ಅವ್ವನಿಗೆ ಸಂಧಿ, ಪದ್ಯ ಯಾವುದೂ ಗೊತ್ತಿಲ್ಲ. ಕಥೆ ಗೊತ್ತು. 'ಹುಲಿ ಬಂದು ಕುರಿ ದೊಡ್ಡಿ ಮುಂದ ನಾಯಿ ಹಂಗ ಮಲಗಿತಲ್ಲ, ಅಲ್ಲಿಗಿ ನಿಂತದ. ಮರುದಿನ ಅಪ್ಪಗ ಜ್ವರ ಬಂತು' ಅಂದಳು. ಕಾವ್ಯ ಒಂದೊಂದೇ ಗರಿ ತಿರುವುತ್ತಾ ಹುಡುಕಿ ಹುಲಿಯನ್ನು ಹಿಡಿದಳು. ಅಲ್ಲಿಂದ ಓದತೊಡಗಿದಳು.

ಓದೇನೋ ಸರಿಯಾಗಿತ್ತು, ಆದರೆ ಪೇಪರು ಓದಿದ ಹಾಗೆ ಓದುತ್ತಿದ್ದಳು. ಅವ್ವನಿಗೆ ತಡೆಯಲಾಗಲಿಲ್ಲ. 'ಹಂಗಲ್ಲ ನನ್ನವ್ವ. ಎಳದು ಓದಬೇಕು. ಹಿಂಗ...' ಅಂತ ಧಾಟಿ ಹಿಡಿದು ತೋರಿಸಿದಳು. ಅವ್ವ ಹಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎರಡು ಸಲ ಹೇಳಿಸಿಕೊಂಡು ಕಾವ್ಯ ಅದೇ ಧಾಟಿಯಲ್ಲಿ ಓದಿದಳು. ಅವ್ವ ಕುರ್ಚಿಯನ್ನು ಎಳೆದುಕೊಂಡು ಅವಳ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಕುಳಿತಳು. ಪ್ರತಿ ನುಡಿಯ ಕೊನೆಗೂ 'ಹೂಂ' ಅನ್ನುತ್ತಿದ್ದಳು. ಊಟದ ಹೊತ್ತು ಮೀರಿತು. ಯಾರಿಗೂ ನೆನಪಿರಲಿಲ್ಲ.

ಕಥೆ ಕೊನೆಗೆ ಬಂತು. ಕೃಷ್ಣೆ ತುಂಬಿ ಹರಿಯುತ್ತಿದ್ದಾಳೆ. ಗುಡ್ಡದಯ್ಯನ ಒಂದು ಮರಿ ಆಚೆ ದಡದಲ್ಲಿ ಉಳಿದಿದೆ. ಅವನು ನೀರಿಗೆ ಇಳಿಯುತ್ತಾನೆ. ಅವನ ತಂಗಿ ದಡದಲ್ಲಿ ನಿಂತು ಕೂಗುತ್ತಾಳೆ. ಕಾವ್ಯ ಎಳೆದು ಓದಿದಳು:

ಹೊಳೆಯ ತಡಿಯಲಿ ನಿಂದು ತಂಗಿ ಕೇಳಿದಳಾಗ
ಮರಳಿ ಬರುವುದು ಎಂದೊ ಅಣ್ಣಯ್ಯ

ಓದಿ ನಿಲ್ಲಿಸಿದಳು. ಅವ್ವ 'ಹೂಂ' ಅಂದು ಕಾದಳು. ಕಾವ್ಯ ಗರಿ ತಿರುವಿದಳು. ಅದರ ಹಿಂದೆ ಮರದ ಹಲಗೆ ಇತ್ತು. ಮುಂದಿನ ಗರಿ ಇರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. 'ಉಳಿದ ಗರಿ ಎಲ್ಲಿ ಹೋದ್ವು? ನಮ್ಮವರು ಪೂರಾ ಗ್ರಂಥ ಕೊಟ್ಟಾರ. ನಾನೂ ಆಫೀಸಿನಾಗೇ ಕೆಲಸ ಮಾಡಾಕಿ. ಕಾಗದ ಹೆಂಗ ಮಾಯ ಆಗ್ತಾವ ನನಗ ಗೊತ್ತದ' ಅಂತ ಎದ್ದು ನಿಂತು ಕೂಗಾಡಿದೆ. ಅಕ್ಕಪಕ್ಕ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ನೀವು ಕಳೆದಿದ್ದೀರಿ, ಬರೆದು ಕೊಡಿ, ಮೇಲಿನವರನ್ನು ಕರೆಯಿರಿ, ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಆ ಹುಡುಗಿಯ ಮುಖ ಸಪ್ಪಗಾಯಿತು. ಒಳಗೆ ಹೋಗಿ ಒಂದು ಹಳೇ ದಾಖಲೆ ಪುಸ್ತಕ ತಂದು ನನ್ನ ಮುಂದೆ ತೆರೆದಳು. ಗ್ರಂಥ ಅಲ್ಲಿಗೆ ಬಂದ ದಿನ ಬರೆದದ್ದು. ಗರಿಗಳು ಎಷ್ಟು ಅಂತ ಬರೆದು ಪಕ್ಕದಲ್ಲಿ 'ಕೊನೆಯ ಗರಿಗಳು ಇಲ್ಲ' ಅಂತ ಶಾಯಿಯಲ್ಲಿ ಸ್ಪಷ್ಟವಾಗಿತ್ತು. ಅದರ ಕೆಳಗೆ ಸೋದರಮಾವನ ಹೆಬ್ಬೆಟ್ಟು.

'ಈ ಗರಿಯ ಹಿಂಬದಿ ನೋಡಿ ಮೇಡಂ, ಹಲಗೆಗೆ ಉಜ್ಜಿ ಉಜ್ಜಿ ಸವೆದಿದೆ. ತುಂಬಾ ಕಾಲದಿಂದ ಇದೇ ಕೊನೆ ಗರಿ' ಅಂದಳು ಕಾವ್ಯ.

ನಾನು ಇನ್ನೂ ಏನೋ ಅನ್ನಬೇಕು ಅನ್ನುವಷ್ಟರಲ್ಲಿ ಅವ್ವ ನನ್ನ ಸೆರಗು ಜಗ್ಗಿದಳು. 'ಕೂಡು. ಆ ಕೂಸಿಗಿ ಯಾಕ ಅಂತಿ? ಆಕಿ ಖರೇನ ಹೇಳಾಕತ್ತಾಳ.'

'ಅಂದ್ರ?'

'ಕಡೀ ದಿನ ಅಪ್ಪ ಗ್ರಂಥ ನೋಡ್ತಿದ್ದಿಲ್ಲ. ಮೊದಲ ಕಟ್ಟಿ, ತಲಿ ಮ್ಯಾಲೆ ಇಟ್ಗೊಂಡು, ಕಣ್ಣು ಮುಚ್ಚಿ ಹೇಳ್ತಿದ್ದ. ಭಕ್ತಿಗಿ ಹಂಗ ಮಾಡ್ತಾನ ಅಂತ ನಾವೆಲ್ಲ ಕೈ ಮುಗೀತಿದ್ದಿವಿ. ಗರಿನೇ ಇದ್ದಿಲ್ಲ ಅಂತ ಯಾರಿಗಿ ಗೊತ್ತು!'

ಆ ಕೊನೆ ಇದ್ದದ್ದು ಮುತ್ಯಾನ ಬಾಯಲ್ಲಿ. ಮಠದ ಅಯ್ಯನವರಿಂದ ಕಲಿತಿದ್ದನೋ ತಾನೇ ಕಟ್ಟಿದ್ದನೋ, ದೇವರಿಗೇ ಗೊತ್ತು. ಇದ್ದೊಬ್ಬ ಮನುಷ್ಯ ಹೋದ ಮೇಲೆ ಅದೂ ಹೋಯಿತು. ಇನ್ನು ಯಾವ ಭಂಡಾರಕ್ಕೆ ಹೋದರೂ ಸಿಗುವುದಿಲ್ಲ.

ಕಾವ್ಯ ಅವ್ವನ ಮುಂದೆ ಮೊಣಕಾಲೂರಿ ಕುಳಿತಳು. 'ಅಮ್ಮ, ನಿಮಗೆ ಏನಾದರೂ ನೆನಪಿದೆಯಾ? ವರ್ಷವೂ ಕೇಳಿದ್ದೀರಲ್ಲ.' ಅವ್ವ ಕಣ್ಣು ಮುಚ್ಚಿದಳು. ಧಾಟಿ ಬಂತು. 'ಆ... ಆ...' ಅಂತ ಪೂರ್ತಿ ಒಂದು ನುಡಿಯಷ್ಟು ರಾಗ ಬಂತು. ಮಾತು ಬರಲಿಲ್ಲ. ಮತ್ತೆ ಹಿಡಿದಳು, ಮತ್ತೆ ಅಷ್ಟೇ. 'ಬಾಯಾಗ ಅದ. ಹೊರಗ ಬರವಲ್ದು' ಅಂತ ತಲೆ ತಗ್ಗಿಸಿದಳು. ಆಗ ಅತ್ತಳು ನೋಡಿ. ಕಾವ್ಯ ಅವಳ ಕೈ ಹಿಡಿದುಕೊಂಡು ಹಾಗೇ ಕುಳಿತಿದ್ದಳು. ನಾನು ಆ ಹುಡುಗಿಗೆ 'ತಪ್ಪಾಯಿತಮ್ಮ' ಅಂದೆ. ಅವಳು ತನ್ನ ನಂಬರು ಬರೆದು ಕೊಟ್ಟು, ಏನು ನೆನಪಾದರೂ ಯಾವ ಹೊತ್ತಿನಲ್ಲಾದರೂ ಹೇಳಿ ಅಂದಳು. ಹೊರಗೆ ಬಂದು ಚೀಲ ತೆಗೆದುಕೊಂಡೆವು. ಒಡೆಯದ ತೆಂಗಿನಕಾಯಿ ಹೊತ್ತು ತಿರುಗಿ ಊರಿಗೆ ಹೊರಟೆವು.

ಯಾದಗಿರಿಯಲ್ಲಿ ಇಳಿದು ಶಹಾಪುರದ ಬಸ್ಸು ಹತ್ತಿದೆವು. ಬಸ್ಸು ಭೀಮೆಯ ಸೇತುವೆ ಮೇಲೆ ಬಂತು. ಮಳೆಗಾಲದ ಕೆಂಪು ನೀರು. ಅವ್ವ ಕಿಟಕಿಗೆ ಮುಖ ಹಚ್ಚಿ ನೋಡುತ್ತಿದ್ದವಳು ಒಮ್ಮೆಲೇ ನನ್ನ ತೋಳು ಹಿಡಿದಳು. 'ಬರಕೋ, ಬರಕೋ!' ಪೆನ್ನು ಸಿಗಲಿಲ್ಲ. ಮೊಬೈಲಿನಲ್ಲಿ ಅವಳ ದನಿ ಹಿಡಿದೆ. ಬಸ್ಸಿನ ಸದ್ದಿನ ನಡುವೆ ಈಗಲೂ ಅದು ಕೇಳುತ್ತದೆ:

ಹಟ್ಟಿಯ ಬಾಗಿಲ ಮುಚ್ಚದಿರೆಲೆ ತಂಗಿ
ತಪ್ಪಿದ ಮರಿ ಬಂದು ನಿಂತಾವು

ಅಣ್ಣ ಉತ್ತರ ಕೊಡಲು ಶುರುಮಾಡಿದ್ದ. ಮನೆ ಮುಟ್ಟುವ ಮೊದಲೇ ಕಾವ್ಯಳಿಗೆ ಫೋನು ಮಾಡಿದೆ. ಆ ಕಡೆ ಅವಳು ಕುಣಿದಾಡಿದಳು.

ಆಮೇಲಿನ ಎರಡು ವರ್ಷ ನಮ್ಮ ಮನೆಯಲ್ಲಿ ಇದೇ ಕೆಲಸ. ಅವ್ವನಿಗೆ ಕೇಳಿದಾಗ ನೆನಪಾಗುತ್ತಿರಲಿಲ್ಲ. ಜೋಳ ಹಸನು ಮಾಡುವಾಗ, ಕೌದಿ ಹೊಲಿಯುವಾಗ, ಒಮ್ಮೆ ತಿಂಥಣಿಯಲ್ಲಿ ಹೊಳೆಗೆ ಕಾಲಿಟ್ಟಾಗ, ಒಮ್ಮೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಥಟ್ಟನೆ ಒಂದು ನುಡಿ ಬರುತ್ತಿತ್ತು. 'ಕಂಬಳಿ ಮಡಿಚಿಡು, ಕೋಲು ಮೂಲೆಯಲಿಡು, ನಾಯಿಗೊಂದು ತುತ್ತು ಹಾಕವ್ವ' ಅನ್ನುವುದು ಬಂದ ದಿನ ಅವ್ವ ಉಣ್ಣಲಿಲ್ಲ. ಹೀಗೆ ಒಂಬತ್ತು ನುಡಿ ಕೂಡಿದವು. ಎಲ್ಲವನ್ನೂ ಕಾವ್ಯ ಬರೆದುಕೊಂಡಳು.

ಒಂದೇ ಒಂದು ಉಳಿಯಿತು. ತಂಗಿ ಕೇಳಿದ್ದು ಎಂದು ಬರುತ್ತೀ ಅಂತ. ಅಣ್ಣ ಬಾಗಿಲು, ಕಂಬಳಿ, ಕೋಲು, ನಾಯಿ ಎಲ್ಲದರ ಬಗ್ಗೆಯೂ ಹೇಳಿದ. ಎಂದು ಬರುತ್ತೇನೆ ಅನ್ನುವುದು ಬರಲಿಲ್ಲ. 'ಅದೇ ಕೊನೆಯ ನುಡಿ ಇರಬೇಕು ಮೇಡಂ. ಅದೊಂದು ಸಿಕ್ಕಿದರೆ ಪುರಾಣ ಪೂರ್ತಿ' ಅಂತ ಕಾವ್ಯ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದಳು.

ಹೋದ ಶ್ರಾವಣದಲ್ಲಿ ಒಂದು ಭಾನುವಾರ. ಅವ್ವ ಪಡಸಾಲೆಯಲ್ಲಿ ಕುಳಿತು ಮೆಂತ್ಯ ಪಲ್ಯ ಸೋಸುತ್ತಿದ್ದಳು. ಓಣಿಯ ಗುಡಿಯಲ್ಲಿ ಅವತ್ತು ಮಂಗಲ. ನಾನು ಎದುರು ಕುಳಿತು ಕೇಳಿದೆ, 'ಅವ್ವ, ಆ ಒಂದು ನುಡಿ ನೆನಪಾಗಲೇ ಇಲ್ಲಲ್ಲ?'

ಅವ್ವ ಎಲೆ ಬಿಡಿಸುತ್ತಲೇ ಹೇಳಿದಳು, 'ನೆನಪದ.'

'ಯಾವಾಗ ಬಂತು?'

'ಮೊದಲ ಬಂದಿದ್ದೇ ಅದು. ಉಳಿದಾವು ಅದರ ಹಿಂದ ಬಂದ್ವು.'

ನನಗೆ ತಲೆ ಕೆಟ್ಟಿತು. ಎರಡು ವರ್ಷದಿಂದ ಮೊಬೈಲು ಹಿಡಿದು ಇವಳ ಹಿಂದೆ ಓಡಾಡಿದ್ದೇನೆ, ಅಲ್ಲಿ ಆ ಹುಡುಗಿ ದಾರಿ ಕಾಯುತ್ತಿದ್ದಾಳೆ. 'ಮತ್ತ ಯಾಕ ಹೇಳಲಿಲ್ಲ? ಹುಟ್ಟಿದಾಗಿಂದ ಮಂಗಲ ಆಗಿಲ್ಲ, ಆಗಿಲ್ಲ ಅಂತ ನಮ್ಮ ಜೀವ ತಿಂದಿಯಲ್ಲ! ಹೇಳು, ಈಗಲೇ ಮಂಗಲ ಮಾಡೋಣು. ನಾ ಹುಗ್ಗಿ ಮಾಡ್ತೀನಿ' ಅಂತ ರೇಗಿದೆ.

ಅವ್ವ ಪಲ್ಯದ ಪುಟ್ಟಿ ಪಕ್ಕಕ್ಕಿಟ್ಟಳು. 'ಆವಾಗ ಆ ಕಡೀ ನುಡಿ ನನ್ನ ಬಲ್ಲಿ ಇದ್ದಿಲ್ಲ ಶಾಂತಾ. ಈಗ ಅದ. ಆ ನುಡಿ ಅಂದ ಮ್ಯಾಲೆ ಅಪ್ಪ ಕಣ್ಣು ತೆರೆದು ಎದ್ದುಬಿಡ್ತಿದ್ದ. ನನ್ನ ತೊಡಿ ತಣ್ಣಗಾಗ್ತಿತ್ತು. ಎಲ್ಲಾರೂ ಹುಗ್ಗಿಗಿ ಹೋಗ್ತಿದ್ರು, ನಾ ಒಬ್ಬಾಕಿ ಅಲ್ಲೇ ಕೂಡ್ತಿದ್ದೆ. ಈಗ ಅಂವ ಇನ್ನಾ ಓದಾಕತ್ತಾನ. ಓದಲಿ ಬಿಡು.'

ಗುಡಿಯಿಂದ ಆರತಿಯ ಜಾಗಟೆ ಕೇಳುತ್ತಿತ್ತು. ಅವ್ವ ಮತ್ತೆ ಪುಟ್ಟಿ ಎಳೆದುಕೊಂಡು ಎಲೆ ಬಿಡಿಸತೊಡಗಿದಳು.

ಅದಾಗಿ ಒಂದು ವರ್ಷವಾಗುತ್ತ ಬಂತು. ಅವ್ವನಿಗೆ ಈಗ ಕಣ್ಣು ಮಂಜು, ಮಂಡಿ ನೋವು, ಒಮ್ಮೊಮ್ಮೆ ಉಸಿರಿಗೂ ತೊಂದರೆ. ಕಾವ್ಯ ಈಗಲೂ ಫೋನು ಮಾಡಿ, 'ಅಮ್ಮ ಹೇಗಿದ್ದಾರೆ? ಆ ನುಡಿ ನೆನಪಾಯ್ತಾ?' ಅಂತ ಕೇಳುತ್ತಾಳೆ. ಕಚೇರಿಯಲ್ಲಿ ಒಂದು ಕಾಗದ ಅರ್ಧಕ್ಕೆ ನಿಂತರೆ ನಿದ್ದೆ ಬರದ ನಾನು, 'ಇನ್ನೂ ಇಲ್ಲಮ್ಮ' ಅಂತ ಸುಳ್ಳು ಹೇಳುತ್ತೇನೆ. ಅಣ್ಣ ಎಂದು ಬರುತ್ತೇನೆಂದ ಅಂತ ತಿಳಿಯುವ ಆಸೆ ನನಗೂ ಇದೆ. ಅವ್ವನ ಜೊತೆಗೇ ಅದು ಹೋಗಿಬಿಡುತ್ತದೆ ಅನ್ನುವ ಭಯವೂ ಇದೆ. ಆದರೂ ಆವತ್ತಿನಿಂದ ನಾನು ಅವ್ವನನ್ನು ಅದನ್ನು ಕೇಳಿಲ್ಲ. ಅವಳು ಒಬ್ಬಳೇ ಕುಳಿತು ಬಾಯೊಳಗೇ ಆ ಧಾಟಿ ಹಿಡಿದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಅವಳ ತೊಡೆಗೆ ತೊಡೆ ಹಚ್ಚಿ ಕೂಡುತ್ತೇನೆ.